ಗಾಳಿಯೋ ಗಾಳಣಿಯೋ

ನಾಗಲಿಂಗನ ಕನ್ನಡಕ ಮೀನಿನ ಗಾಜಿನ ತೊಟ್ಟಿಗೆ ಬಿದ್ದದ್ದು ಅವನು ಮೀನುಗಳ ಬಗ್ಗೆ ಭಾಷಣ ಬಿಗಿಯುತ್ತಿದ್ದ ಹೊತ್ತಿನಲ್ಲೇ. ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಸಿದರಾಯನ ಬ್ಲೌಸ್ ಹೊಲಿಯುವ ಅಂಗಡಿ. ಬೆಂಚಿನ ಮೇಲೆ ಕಾಯುತ್ತ ಕೂತ ಹೆಂಗಸರು. ಸಭೆ ಸಿಕ್ಕರೆ ಬಿಡುವ ಪೈಕಿಯಲ್ಲ ನಾಗಲಿಂಗ. “ಇವು ಗಪ್ಪಿ ಮೀನ ನೋಡ್ರಿ, ಸೊಳ್ಳಿ ಮರಿ ತಿಂತಾವ,” ಎಂದು ತೊಟ್ಟಿಯ ಮೇಲೆ ಬಗ್ಗಿದ. ಕನ್ನಡಕ ಮೂಗಿನಿಂದ ಜಾರಿ ಬುಳಕ್ ಎಂದಿತು.

ಅಷ್ಟೇ, ಮತ್ತೆ ಕಾಣಲಿಲ್ಲ. ಎರಡು ಕೊಡ ನೀರು ಹಿಡಿಯುವ ತೊಟ್ಟಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಆದರೆ ನೀರು ಮಳೆಗಾಲದ ಹಳ್ಳದಂತೆ ರಾಡಿಯಾಗಿತ್ತು. ಸಿದರಾಯ ತೋಳು ಮಡಚಿ ಕೈ ಹಾಕಿದ. ಮೊದಲು ಮಷೀನಿನ ಬಾಬಿನ್ ಬಂತು. ಆಮೇಲೆ ಯಾರದೋ ಬಳೆ ಬಂತು. ಕೊನೆಗೆ ಕನ್ನಡಕ ಬಂತು, ಒಂದು ಕಡ್ಡಿಗೆ ನೀರುಗಿಡ ಸುತ್ತಿಕೊಂಡು. ಮುಖ ಮುಚ್ಚಿಕೊಳ್ಳುವ ಅವಸರದಲ್ಲಿ ನಾಗಲಿಂಗ ಅದನ್ನು ಹಾಗೇ ಏರಿಸಿಕೊಂಡ. ಕಿವಿಯಿಂದ ಹಸಿರು ಜಡೆ ಇಳಿಬಿದ್ದಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ನಗದವಳು ಒಬ್ಬಳೇ, ಅಕ್ಕವ್ವ. ಅವಳ ಮಗಳು ಸಮೃದ್ಧಿಯ ಮದುವೆ ಗೊತ್ತಾಗಿತ್ತು. ಮನೆಯ ಅಷ್ಟೂ ಹೆಂಗಸರ ರೇಷ್ಮೆ ಬ್ಲೌಸು ಹೊಲಿಸಬೇಕಿತ್ತು. ಗಂಟು ಬಿಚ್ಚಲು ಹೊರಟಿದ್ದ ಅವಳ ಕೈ ಅಲ್ಲೇ ನಿಂತಿತು.

“ಸಾಹೇಬ್ರ ಚಸ್ಮಾ ಸಿಕ್ಕಿತು, ಚಲೋ ಆತು. ನಮ್ಮ ರೇಷ್ಮಿ ಇವನ ಕೈಯಾಗ ಕೊಟ್ರ ಸಿಗತೈತೋ ಇಲ್ಲೋ. ನಾಕು ಮೀನಿನ ನೀರ ಸ್ವಚ್ಛ ಇಡಾಕ ಆಗವಲ್ದು ಇವಂಗ,” ಎಂದಳು. “ಸಿದರಾಯ, ಮುಂದಿನ ಸಂತಿಗಿ ಬರ್ತೀನಿ. ನೀರ ತಿಳಿ ಇದ್ರ ಬಟ್ಟಿ ನಿಂಗ. ಇಲ್ಲಂದ್ರ ಬೆಳಗಾವ್ಯಾಗ ಹೊಲಿಸ್ತೀನಿ.”

ಸಿದರಾಯ ತಲೆಯಾಡಿಸಿದ. ಅವನ ಬಾಯಿಂದ ಮಾತು ಬರುವುದು ಅಪರೂಪ, ಬ್ಲೌಸು ಬರುವುದು ಇನ್ನೂ ಅಪರೂಪ. ಹೊಲಿಗೆಯಲ್ಲಿ ಮಾತ್ರ ಹೆಸರಿಡುವಂತಿಲ್ಲ. ಅವನ ಬ್ಲೌಸು ತೊಟ್ಟವರು ಬೇರೆಯವನ ಬಳಿ ಹೋಗುವುದಿಲ್ಲ, ಹೋಗದವರು ಬೈಯುವುದನ್ನು ಬಿಡುವುದಿಲ್ಲ. ಯಾವಾಗ ಕೇಳಿದರೂ “ಹುಕ್ಕ ಹಚ್ಚೂದೊಂದ ಬಾಕಿ ಐತ್ರಿ” ಎಂಬ ಒಂದೇ ಉತ್ತರ. ಕಾಯುವವರ ಕಣ್ಣಿಗೆ ಒಂದು ಕೆಲಸ ಕೊಟ್ಟರೆ ಬಾಯಿ ಸುಮ್ಮನಿದ್ದೀತು ಎಂಬ ಆಸೆಯಿಂದ ಈ ತೊಟ್ಟಿ ಇಟ್ಟಿದ್ದ. ಮಲಪ್ರಭೆಯ ದಂಡೆಯಿಂದ ನೀರುಗಿಡಗಳನ್ನು ಬೇರುಸಹಿತ ಕಿತ್ತು ತಂದು ನೆಟ್ಟ. ಮಣ್ಣನ್ನೂ ಆ ಹೊಳೆಯಿಂದಲೇ ತಂದ. ಗಿಡ ಹಿಗ್ಗಿದವು, ಮೀನುಗಳು ಮಣ್ಣು ಕೆದರಿದವು, ನೀರು ಕೆಟ್ಟಿತು.

ಕನ್ನಡಕದ ಅವಮಾನವನ್ನು ನಾಗಲಿಂಗ ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಅವನು ಪೋಸ್ಟ್ ಆಫೀಸಿನ ಗುಮಾಸ್ತ, ಗದಗ ಕಡೆಯವನು. ಖಾನಾಪುರಕ್ಕೆ ವರ್ಗವಾಗಿ ಬಂದ ಮೇಲೆ ಮರಾಠಿ ಕಲಿತೆನೆಂದು ಅವನ ನಂಬಿಕೆ. ಮರಾಠಿಯವರು ಇನ್ನೂ ನಂಬಿರಲಿಲ್ಲ. “ಇದಕ್ಕ ಫಿಲ್ಟರ್ ಬೇಕೋ ಮಾರಾಯ. ಬೆಳಗಾವಿಗಿ ಹೋಗೂಣು. ಅಂಗಡ್ಯಾಂವನ ಕೂಡ ಮರಾಠಿ ನಾ ಮಾತಾಡ್ತೀನಿ. ನೀ ಸುಮ್ನ ನಿಂದರು,” ಎಂದ. ತಾಯಿಯ ಹಾಲಿನ ಜೊತೆಗೇ ಕನ್ನಡ ಮರಾಠಿ ಎರಡನ್ನೂ ಕುಡಿದಿದ್ದ ಸಿದರಾಯ ಸುಮ್ಮನೆ ತಲೆಯಾಡಿಸಿದ. ಇಂಚುಪಟ್ಟಿ ತೆಗೆದು ತೊಟ್ಟಿಯ ಎದೆ, ಸೊಂಟ, ಉದ್ದದ ಅಳತೆ ತೆಗೆದುಕೊಂಡ.

ಬೆಳಗಾವಿಯ ಗಲ್ಲಿಯೊಂದರಲ್ಲಿ ಮೀನಿನ ಅಂಗಡಿ. ಮಾಲೀಕ ಮರಾಠಿಯವನು, ಅವನ ಕನ್ನಡ ಹೆಚ್ಚುಕಡಿಮೆ ನಾಗಲಿಂಗನ ಮರಾಠಿಯಷ್ಟೇ ಗಟ್ಟಿ. ನೀರು ಕೆಟ್ಟಿದೆ ಎಂಬುದನ್ನು ನಾಗಲಿಂಗ ಕೈಯಿಂದಲೇ ಹೇಳಿದ.

“ಗಾಳಣೀ ಪಾಯಿಜೆ ಕಾ?” ಎಂದ ಮಾಲೀಕ, ಗಾಳಣಿ ಬೇಕೇ ಎಂದು.

ಗಾಳಣಿ ಎಂದರೆ ಮರಾಠಿಯಲ್ಲಿ ಸೋಸುವ ಸಾಧನ, ಚಹಾ ಸೋಸುವುದೂ ಗಾಳಣಿಯೇ. ನಾಗಲಿಂಗನ ಗದಗಿನ ಕಿವಿಗೆ ಅದು ಗಾಳಿ ಎಂದೇ ಬಿತ್ತು.

“ನಕೋ, ನಕೋ. ಗಾಳಿ ನಕೋ. ಗಾಳಿ ಖಾನಾಪುರದಾಗ ಬೇಕಾದಷ್ಟ ಐತಿ. ಕಚರಾ ಸೋಸೂದು ಪಾಯಿಜೆ.”

ಗಾಳಣಿಗೇ ನಕೋ, ಅಂದರೆ ಬೇಡ, ಎಂದನೆಂದು ತಿಳಿದು ಮಾಲೀಕ ಫಿಲ್ಟರುಗಳನ್ನೆಲ್ಲ ಒಳಗಿಟ್ಟ. ಬೇಡವೆಂದರೂ ಗಿರಾಕಿ ಗಾಳಿ ಗಾಳಿ ಎನ್ನುತ್ತಿದ್ದಾನಲ್ಲ ಎಂದು ಗಾಳಿ ಊದುವ ಪಂಪು ತಂದಿಟ್ಟ. “ಹೇ ಘ್ಯಾ, ಗಾಳಿ,” ತಗೊಳ್ಳಿ ಎಂದ. ನಾಗಲಿಂಗ ಹಣೆ ಬಡಿದುಕೊಂಡು, “ಗಾಳಿ ಬ್ಯಾಡಂದೆ,” ಎಂದ. ಪಂಪು ಒಳಗೆ ಹೋಯಿತು. “ಮಗ ಗಾಳಣೀ?” ಎಂದ ಮಾಲೀಕ, ಹಾಗಾದರೆ ಗಾಳಣಿಯೇ ಎಂಬರ್ಥದಲ್ಲಿ. “ಮತ್ತ ಗಾಳಿ ಅಂತಾನಲ್ಲೋ ಇಂವ,” ಎಂದು ನಾಗಲಿಂಗ ಸಿದರಾಯನ ಕಡೆ ತಿರುಗಿದ. ಹೀಗೆ ಒಬ್ಬ ಗಾಳಣಿ ಎಂದಾಗ ಇನ್ನೊಬ್ಬ ಗಾಳಿ ಎಂದು ತಿಳಿದು, ಗಾಳಿ ಎಂದಾಗ ಗಾಳಣಿ ಎಂದು ಮುನಿದು, ಇಬ್ಬರೂ ಒಂದೇ ಮಾತಿಗಾಗಿ ಕುತ್ತಿಗೆಯ ನರ ಉಬ್ಬಿಸಿದರು. ಹಾದಿಯಲ್ಲಿ ಹೋಗುವವರು ನಿಂತರು. ಒಬ್ಬ ಮುದುಕ ಗಡಿ ವಿಚಾರದ ಜಗಳವೇ ಎಂದು ಕೇಳಿದ.

ಸಿದರಾಯ ಎರಡು ಭಾಷೆಯ ನಡುವೆ ಆರಾಮಾಗಿ ಕೈಕಟ್ಟಿ ನಿಂತಿದ್ದ.

“ನಿಂಗ ತಿಳೀತೇನೋ ಇಂವ ಏನಂತಾನ?” ಎಂದ ನಾಗಲಿಂಗ, ಸೋತು.

“ತಿಳೀತ್ರಿ.”

“ಮತ್ತ ಹೇಳಬಾರದ?”

“ಸುಮ್ನ ನಿಂದರು ಅಂದಿದ್ರಿ.”

ಆಮೇಲೆ ಸಿದರಾಯ ಮರಾಠಿಯಲ್ಲಿ ಎರಡೇ ಮಾತು ಆಡಿದ. ಒಳಗೆ ಹೋಗಿದ್ದೆಲ್ಲ ಮತ್ತೆ ಹೊರಗೆ ಬಂತು. ನಾಗಲಿಂಗ ಅಲ್ಲಿದ್ದುದರಲ್ಲಿ ದೊಡ್ಡದಕ್ಕೇ ಕೈ ಹಾಕಿದ. ಅದು ಮೋಟರಿನ ಫಿಲ್ಟರ್. ಅಂಗಡಿಯ ತೊಟ್ಟಿಯಲ್ಲಿ ಹಚ್ಚಿ ತೋರಿಸಿದಾಗ ಗಿಡಗಳು ಸುಂಟರಗಾಳಿಗೆ ಸಿಕ್ಕ ದೋತರದಂತೆ ಬಡಿದಾಡಿದವು, ಒಂದು ಮೀನು ಮೂಲೆಗೆ ಅಂಟಿಕೊಂಡು ಇವನನ್ನೇ ದಿಟ್ಟಿಸಿತು. ಮಣ್ಣಿನಡಿ ಹಾಸುವ ತೂತಿನ ಹಲಗೆ ಸೋವಿ ಇತ್ತು, ಆದರೆ ಅದನ್ನು ಹಾಸಲು ಗಿಡ ಪೂರಾ ಕೀಳಬೇಕು. ತೊಟ್ಟಿಯ ಅಂಚಿಗೆ ನೇತು ಹಾಕುವ ಫಿಲ್ಟರ್ ಚಂದವಿತ್ತು. ಅದರ ಬೆಲೆ ಕೇಳಿ ಸಿದರಾಯ ಅದನ್ನು ಎರಡೂ ಕೈಯಿಂದ ಮೆತ್ತಗೆ ತಿರುಗಿ ಇಟ್ಟ.

ಉಳಿದದ್ದು ಮುಷ್ಟಿಗಾತ್ರದ ಕರಿ ಸ್ಪಂಜು, ಅದಕ್ಕೊಂದು ಕೊಳವೆ. ಪಂಪಿನ ಗಾಳಿ ಕೊಳವೆಯಲ್ಲಿ ಏರುವಾಗ ನೀರು ಸ್ಪಂಜಿನೊಳಗಿಂದ ಹಾದು ಹೋಗುತ್ತದೆ, ರಾಡಿ ಸ್ಪಂಜಿನಲ್ಲೇ ಉಳಿಯುತ್ತದೆ. ಹಚ್ಚಿ ತೋರಿಸಿದಾಗ ಗಿಡಗಳು ಸಣ್ಣಗೆ ತಲೆದೂಗಿದವು, ಅಷ್ಟೇ. ಅಂದರೆ ಅದು ಗಾಳಿಯೂ ಹೌದು, ಗಾಳಣಿಯೂ ಹೌದು. ನಾಗಲಿಂಗ, ಮಾಲೀಕ ಇಬ್ಬರೂ “ನಾ ಮೊದಲ ಹೇಳಲಿಲ್ಲೇನು” ಎಂಬ ಮುಖ ಮಾಡಿದರು. ಸಿದರಾಯ ಸ್ಪಂಜಿಗೆ ಇಂಚುಪಟ್ಟಿ ಹಿಡಿದು ನೋಡಿ, “ಫಿಟ್ಟಿಂಗ ಬರೋಬರಿ ಐತಿ,” ಎಂದ. ಪಂಪುಗಳಲ್ಲಿ ಕಡಿಮೆ ಬೆಲೆಯದನ್ನು ಆರಿಸಿದ.

ಸಂತೆಯ ದಿನದೊಳಗೆ ನೀರು ತಿಳಿಯಾಗಬೇಕು. ಸಿದರಾಯ ಅರ್ಧ ನೀರು ಚೆಲ್ಲಿ ಹೊಸದು ತುಂಬಿದ, ಕೆದರಿದ ಮಣ್ಣಿನ ಮೇಲೆ ಸಣ್ಣ ಕಲ್ಲು ಹಾಸಿದ. ಕರೆಂಟು ಹೋದಾಗಲೆಲ್ಲ ನಾಗಲಿಂಗ ಪೋಸ್ಟ್ ಆಫೀಸಿನ ಮುದ್ರೆ ಬಿಟ್ಟು ಓಡಿಬಂದು ತೊಟ್ಟಿಯ ಮುಂದೆ ನಿಲ್ಲುತ್ತಿದ್ದ. ನಿಂತು ಮಾಡುವುದೇನೂ ಇರಲಿಲ್ಲ. ಸಂತೆಯ ಮುನ್ನಾದಿನ ತೊಟ್ಟಿಯ ಆಚೆ ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖು ಕಂಡಿತು. ನಾಗಲಿಂಗ ಅದನ್ನು ಗಟ್ಟಿಯಾಗಿ ಓದಿದ, ಊರಿಗೆಲ್ಲ ಕೇಳುವಂತೆ.

ಅಕ್ಕವ್ವ ಬಂದಳು. ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿದಳು. ಗಿಡದ ನಡುವಿನಿಂದ ಕೆಂಪು ಬಾಲದ ಗಪ್ಪಿಯೊಂದು ಹೊರಬಂತು. ಅದನ್ನೇ ನೋಡುತ್ತ, “ಇದ ಬಣ್ಣದ ಅಂಚ ಹಚ್ಚು ಸಮೃದ್ಧಿ ಬ್ಲೌಸಿಗಿ,” ಎಂದು ಗಂಟು ಬಿಚ್ಚಿ ರೇಷ್ಮೆಯನ್ನು ಮೇಜಿನ ಮೇಲೆ ಹರವಿದಳು. “ಲಗ್ನಕ್ಕ ಮೊದಲ ಕೊಡಬೇಕ ಮತ್ತ. ಹೋಗ್ತ ಬರ್ತ ಕಿವಿಗೊಟ್ಟ ಕೇಳ್ತೀನಿ, ಮಷೀನ ಸಪ್ಪಳ ಬರಬೇಕ,” ಎಂದು ಹೋದಳು.

ನಾಗಲಿಂಗ ಗೆದ್ದವನಂತೆ ಬೆಂಚಿಗೆ ಒರಗಿದ. ಅಂಗಡಿ ನಿಶ್ಶಬ್ದವಾಯಿತು, ಪಂಪೊಂದನ್ನು ಬಿಟ್ಟು. ಅದು ಮೇಜಿನಡಿಯಲ್ಲಿ ಗುರ್ರ್ ಎಂದು ಒಂದೇ ಸಮನೆ ಗುರುಗುಟ್ಟುತ್ತಿತ್ತು.

“ಸಿದರಾಯ, ಇದರ ಸಪ್ಪಳ ಭಾಳ ಆತಲ್ಲೋ. ತಿರುಗಿ ಕೊಟ್ಟು ಸಪ್ಪಳಿಲ್ಲದ್ದ ತರೂಣೇನು?”

ಸಿದರಾಯ ರೇಷ್ಮೆಯ ಗಂಟನ್ನು ಕಪಾಟಿನ ಮೇಲಕ್ಕೆ ಏರಿಸಿ, ಕೈ ಒರೆಸಿಕೊಂಡು, ಮೀನುಗಳ ಎದುರು ಕೂತ.

“ಬ್ಯಾಡ್ರಿ ಸಾಹೇಬ್ರ. ಹೊರಗಿನ ಮಂದಿಗಿ ಹೊಲ್ಯಾಕತ್ತಂಗ ಕೇಳಸ್ತೈತಿ.”