ಇಪ್ಪತ್ತೈದರ ಸ್ಕೂಟರು

ಬಸ್ಸು ಹತ್ತಿದರೆ ನನಗೆ ವಾಂತಿ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕುವಾಗ ಎರಡು ಸಲ ಕಾಲೂರಿ ಫೇಲು. ಹೊನ್ನಾಳಿಯಿಂದ ನ್ಯಾಮತಿಯ ಅಕ್ಕನ ಮನೆಗೆ ಹೋಗಬೇಕೆಂದರೆ ಯಜಮಾನರ ಬೈಕೇ ಗತಿ. ಅವರೋ, ಅಲ್ಲಿ ಅಕ್ಕನ ಜಗಲಿ ಮೇಲೆ ಕೂತು ಚಹಾ ಮುಗಿಸಿದವರೇ ಕೀಲಿ ಆಡಿಸಲು ಶುರುಮಾಡುತ್ತಿದ್ದರು. ಆ ಸದ್ದಿನಲ್ಲಿ ಅಕ್ಕತಂಗಿಯರ ಮಾತು ಆಗುತ್ತದೆಯೇ? ತಾಯಿಯಿಲ್ಲದ ನನಗೆ ತವರು ಅಂದರೆ ಅಕ್ಕನೇ.

ಅದಕ್ಕೇ ಹಟ ಹಿಡಿದು ಕರೆಂಟಿನ ಸ್ಕೂಟರು ತಂದೆ. ಹಿಂದಿನ ಚಕ್ರದೊಳಗೆ ಇನ್ನೂರೈವತ್ತು ವ್ಯಾಟಿನ ಪುಟ್ಟ ಮೋಟಾರು. ಗಂಟೆಗೆ ಇಪ್ಪತ್ತೈದು ಕಿಲೋಮೀಟರು ದಾಟದು; ಹಾಗಾಗಿ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಸೈಕಲ್ಲಿನ ಹುಡುಗರೂ ನನ್ನನ್ನು ಹಿಂದೆ ಹಾಕುತ್ತಿದ್ದರು. ಹಾಕಲಿ ಬಿಡಿ! ಬೆಳಿಗ್ಗೆ ಹೋದರೆ ಸಂಜೆಯವರೆಗೆ ಅಕ್ಕನ ಅಡುಗೆಮನೆ ನನ್ನದು. ಅವರೆಕಾಯಿ ಸುಲಿಯುತ್ತಾ ಅವಳು ಅಮ್ಮನ ಸುದ್ದಿ ತೆಗೆಯುತ್ತಿದ್ದಳು. ಇಬ್ಬರೂ ಅತ್ತು, ಮತ್ತೆ ನಗುತ್ತಿದ್ದೆವು.

ಯಜಮಾನರಿಗೆ ನನ್ನ ನಿಧಾನ ಕಂಡು ಮರುಕ. ನನಗೆ ಹೇಳದೆ ಅಂಗಡಿಯಲ್ಲಿ ವೇಗದ ಲಾಕ್ ತೆಗೆಸಿ ತಂದರು. "ಈಗ ನಲವತ್ತೈದು ಹೋಗ್ತೈತೆ ನೋಡು. ಬೇಗ ಹೋಗಿ ಬೇಗ ಬರಾಕೆ ಆಗ್ತೈತೆ" ಅಂದರು. ಬೇಗ ಬರಬೇಕೆಂದು ಯಾರು ಅತ್ತಿದ್ದರೋ!

ಮರುವಾರವೇ ನ್ಯಾಮತಿ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. "ಅಮ್ಮಾರೇ, ಇಷ್ಟು ಜೋರು ಓಡಿದ್ರೆ ಇದೂ ಬೈಕೇ ಲೆಕ್ಕ ರೀ. ಲೈಸೆನ್ಸ್ ಎಲ್ಲೈತೆ?" ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅವತ್ತಿನಿಂದ ಸ್ಕೂಟರು ಹಿತ್ತಲಲ್ಲಿ ಹಳೆ ಸೀರೆ ಹೊದ್ದು ನಿಂತಿತು. ಯಜಮಾನರ ಮೇಲಿನ ಮುನಿಸಿಗೆ ನಾನು ಲಾಕ್ ಮತ್ತೆ ಹಾಕಿಸುವ ಮಾತೆತ್ತಲಿಲ್ಲ, ಅವರ ಬೈಕೂ ಹತ್ತಲಿಲ್ಲ. ಹಾಳು ಸಿಟ್ಟು, ನಾಲ್ಕು ತಿಂಗಳು ತಿಂದುಹಾಕಿತು.

ಅಷ್ಟರಲ್ಲಿ ಅಕ್ಕನ ಮಂಡಿ ಪೂರ್ತಿ ಸೋತು, ಮಗಳು ಅವಳನ್ನು ಜಗಳೂರು ಕಡೆಯ ಸೊಕ್ಕೆಗೆ, ತನ್ನ ಮನೆಗೆ ಕರೆದೊಯ್ದಳು. ಓಡಿಹೋಗಿ ಲಾಕ್ ಹಾಕಿಸಿದೆ. ಏನು ಬಂತು? ನನ್ನ ಬ್ಯಾಟರಿ ದಾವಣಗೆರೆ ಮುಟ್ಟುವಷ್ಟರಲ್ಲಿ ಖಾಲಿ, ಮತ್ತೆ ತುಂಬಲು ನಾಲ್ಕೈದು ತಾಸು. ಸೊಕ್ಕೆ ಅಲ್ಲಿಂದಾಚೆಗೆ ಇನ್ನೂ ಅಷ್ಟು ದೂರ. ಯಜಮಾನರು ಒಮ್ಮೆ ಬೈಕಿನಲ್ಲಿ ಕರೆದೊಯ್ದರು, ಕತ್ತಲಾಗುತ್ತದೆಂದು ಅರ್ಧ ಗಂಟೆಗೇ ಎಬ್ಬಿಸಿದರು. ಮೊನ್ನೆ ಫೋನಿನಲ್ಲಿ ಅಕ್ಕನಿಗೆ ಇದನ್ನೆಲ್ಲ ಹೇಳಿ ಅತ್ತುಬಿಟ್ಟೆ.



"ದಾವಣಗೆರೆ ತನಕ ಬಂದು ಫೋನ್ ಮಾಡೇ" ಅಂದಳು ಅಕ್ಕ. "ಅಷ್ಟಾದ್ರೂ ಹತ್ತಿರ ಆಗ್ತೀಯ."