ಗಂಗವ್ವನ ಒಪ್ಪತ್ತು, ನನ್ನ ಚೀಟಿ

"ರಕ್ತ ಹೀರಾಕಿ ಬಂದ್ಲು ನೋಡ್ರಿ!"

ರಾಮದುರ್ಗದ ಬಾಡಿಗೆ ಮನೆಯ ಮುಂದೆ ಸಾಮಾನು ಇಳಿಸುತ್ತಿದ್ದಾಗ ಎದುರು ಮನೆಯಾಕೆ ನನಗೆ ಕೇಳಿಸಲೆಂದೇ ಕೂಗಿ ಹೇಳಿದಳು. ಮೈಸೂರಿನ ನಾವು ಇಂಥದ್ದನ್ನು ಬೆನ್ನ ಹಿಂದೆ ಆಡುವ ಜನ. ಇಲ್ಲಿ ಎಲ್ಲವೂ ಮುಖದ ಮೇಲೆಯೇ. ಮನೆಯ ಯಜಮಾನರು ಕೀಲಿಕೈ ಕೊಡುವಾಗ, "ರಕ್ತದ ಡಬ್ಬಿ ಒಳಗ ತರಬ್ಯಾಡ್ರಿ ಮತ್ತ" ಎಂದರು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೀಲಿಕೈ ಕಿತ್ತುಕೊಂಡು ಒಳಗೆ ಹೋದೆ.

ಹನ್ನೆರಡು ವರ್ಷ ಮೈಸೂರಿನ ಪ್ರಯೋಗಾಲಯದಲ್ಲಿ ಕೂತು ರಕ್ತದ ಕ್ಯಾನ್ಸರ್ ಅಧ್ಯಯನ ಮಾಡಿದವಳು ನಾನು. ದಿನವೂ ತಪ್ಪದೆ ಮಾತ್ರೆ ನುಂಗಿದರೆ ಹತೋಟಿಯಲ್ಲಿರುವ ಒಂದು ಬಗೆಯ ಕ್ಯಾನ್ಸರ್ ಇದೆ. ಹಳ್ಳಿಯ ರೋಗಿಗಳಿಗೆ ಆ ಮಾತ್ರೆ ಎಷ್ಟು ನಾಟುತ್ತದೆ ಎಂದು ತಿಳಿಯಲು, ಮೂರು ತಿಂಗಳಿಗೊಮ್ಮೆ ಅವರ ರಕ್ತ ಪರೀಕ್ಷಿಸುವ ಕೆಲಸ ಹೊತ್ತು ಇಲ್ಲಿಗೆ ಬಂದೆ. ಅಲ್ಲಿ ನನ್ನ ಮುಂದಿದ್ದದ್ದು ರಕ್ತ ಮಾತ್ರ. ಇಲ್ಲಿ ರಕ್ತದ ಜೊತೆ ಅತ್ತೆ, ಮಾವ, ಓಣಿ ಎಲ್ಲರೂ ಬರುತ್ತಾರೆ. ಮಾತ್ರೆಗೆ ಇಲ್ಲಿ ಗುಳಗಿ ಎನ್ನಬೇಕು. "ಗುಳಗಿ ತಗೊಂಡ್ರಿ?" ಎಂದು ನಾಲಿಗೆ ಹೊರಳಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೇರೆ ಯಾರೂ ತಟ್ಟುವವರಿರಲಿಲ್ಲ.

ಸುರೇಬಾನ ಹಳ್ಳಿಯ ಗಂಗವ್ವನಿಗೆ ಮೂವತ್ತೂ ತುಂಬಿಲ್ಲ, ಎರಡು ಮಕ್ಕಳ ತಾಯಿ. ಎರಡು ವರ್ಷದಿಂದ ಅವಳ ರಕ್ತ ಚೆನ್ನಾಗಿತ್ತು. ಶ್ರಾವಣ ಮುಗಿಯುತ್ತಿದ್ದಂತೆ ನೋಡಿದರೆ ರೋಗದ ಕಣಗಳು ಮತ್ತೆ ಏರಿದ್ದವು. ಹೀಗೇ ಬಿಟ್ಟರೆ ಮುಂದೆ ಆ ಮಾತ್ರೆಯೂ ಕೈಕೊಡಬಹುದು, ಅವಳ ಜೀವಕ್ಕೇ ಕುತ್ತು. ಹೆದರಿಕೆ, ಸಿಟ್ಟು ಎರಡೂ ಕೂಡಿ ಅವಳ ಮನೆಗೆ ನುಗ್ಗಿದೆ.

"ಗುಳಗಿ ಬಿಟ್ಟಿದ್ದೀರಿ ಅಲ್ವಾ?"

"ನೀವು ಚೀಟ್ಯಾಗ ಬರದಂಗ ತಗೊಂಡೇನ್ರಿ."

"ಸುಳ್ಳು! ಸಾಯೋ ಆಸೆಯಾ ನಿಮಗೆ?"

ಅತ್ತೆ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದೆ ಸುರಿದರು. ಒಂದು ತಿಂಗಳ ಮಾತ್ರೆಗಳು, ಜೊತೆಗೆ ಒಂದು ಚೀಟಿ.

"ನಮ್ಮ ಸೊಸಿ ಶ್ರಾವಣ ಪೂರಾ ಒಪ್ಪತ್ತು ಮಾಡ್ಯಾಳ್ರಿ. ಉಣ್ಣೂದು ಸಂಜಿಕ ಒಂದ ಹೊತ್ತು. ಮುಂಜಾನಿ ಉಂಡ ಮ್ಯಾಲೆ ತಗೋಬೇಕು, ಬರೇ ಹೊಟ್ಟಿಲೆ ಬ್ಯಾಡಂತ ಬರದಾವರು ಯಾರ್ರಿ? ಉಣಲಾರದಾಕಿ ಹೆಂಗ ನುಂಗಬೇಕ್ರಿ?"

ಅಕ್ಷರ ನನ್ನದೇ, ಬಂದ ಹೊಸದರಲ್ಲಿ ಎಲ್ಲ ರೋಗಿಗಳಿಗೂ ಬರೆದುಕೊಟ್ಟ ಚೀಟಿ. 'ಬೇಡ' ಎಂಬುದರ ಕೆಳಗೆ ಎರಡು ಗೆರೆ ಎಳೆದವಳೂ ನಾನೇ. ಬೆಳಿಗ್ಗೆ ಎಲ್ಲರೂ ಉಣ್ಣುತ್ತಾರೆಂದು ಮೈಸೂರಿನಲ್ಲಿ ಕೂತೇ ತೀರ್ಮಾನಿಸಿದ್ದೆ, ಬಂದ ಮೇಲೂ ಕೇಳಿರಲಿಲ್ಲ. ಇಂಗು ತಿಂದ ಮಂಗನಂತೆ ನಿಂತೆ. ತಪ್ಪು ನನ್ನದು, ಒಪ್ಪತ್ತಿನಲ್ಲಿ ಸಂಜೆ ಉಂಡು ನುಂಗಿದರೂ ಆಗುತ್ತದೆ ಎಂದು ತೊದಲಿದೆ.

"ಗುಳಗಿ ಇವತ್ತಿಂದನ ತಗೋತೇನ್ರಿ, ಮಕ್ಕಳದಾರ ನನಗ" ಎಂದಳು ಗಂಗವ್ವ. "ರಕ್ತಾ ದವಾಖಾನಿ ನರ್ಸಬಾಯಾರ ಕಡೆ ಕೊಡತೇನಿ. ಆದ್ರ ಅತ್ತಿ ಮುಂದ ನನಗ ಸುಳ್ಳಬುರಕಿ ಅಂದ್ರಿ. ನೀವು ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ ಇನ್ನ."

ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿತು. ಯರಗಟ್ಟಿಯಲ್ಲಿ ಇನ್ನೊಬ್ಬ ರೋಗಿಯ ಹೆಂಡತಿ ಅರ್ಧ ಬಾಗಿಲಷ್ಟೇ ತೆರೆದು, "ಸುರೇಬಾನದಾಗ ಒದರ್ಯಾಡಿದಾಕಿ ನೀವ ಏನ್ರಿ?" ಎಂದಳು. ಮೈಸೂರಿಗೆ ಫೋನ್ ಮಾಡಿ ಇಲ್ಲಿಯ ಧಾಟಿಯಲ್ಲೇ ಗೋಳು ಹೇಳಿಕೊಂಡರೆ ಅಮ್ಮ, "ಅದ್ಯಾಕೆ ಹಾಗೆ ಕಿರುಚ್ತೀಯೇ? ಇದ್ಯಾವ ಊರಿನ ಮಾತು?" ಎಂದಳು. ಅಳು ಬಂತು. ಫೋನ್ ಇಟ್ಟುಬಿಟ್ಟೆ.

ಮೂರು ತಿಂಗಳ ನಂತರ ಗಂಗವ್ವನ ರಕ್ತದಲ್ಲಿ ರೋಗದ ಕಣಗಳು ಇಳಿದಿದ್ದವು. ಮೈಸೂರಿನ ಸಹೋದ್ಯೋಗಿಗೆ ಹೇಳಿದೆ. "ಗುಡ್, ಯಾವ ನಂಬರ್ ಕೇಸು?" ಎಂದ. ಮೈಮೇಲೆ ಕೆಂಡ ಸುರಿದಂತಾಯಿತು. ಅವಳ ಹೆಸರೂ ಗೊತ್ತಿಲ್ಲದವನ ಜೊತೆ ಏನು ಸಂತೋಷ ಹಂಚಿಕೊಳ್ಳಲಿ? ನರ್ಸಬಾಯಿಯ ಜೊತೆ ಸುರೇಬಾನಕ್ಕೇ ಹೋದೆ. ಅವರು ಸುದ್ದಿ ಹೇಳಲು ಒಳಗೆ ಹೋದರು, ನಾನು ರಸ್ತೆಯಲ್ಲೇ ನಿಂತೆ. ಒಳಗಿನಿಂದ ಗಂಗವ್ವ ನಕ್ಕದ್ದು ಕೇಳಿಸಿತು.

"ಏನಂದ್ಲು?" ಎಂದೆ, ನರ್ಸಬಾಯಿ ಹೊರಗೆ ಬರುತ್ತಲೇ.

"'ಆ ಮೈಸೂರಾಕಿ ಇನ್ನಾ ತಮ್ಮೂರಿಗೆ ಹೋಗಿಲ್ಲೇನ್ರಿ' ಅಂತ ಕೇಳಿದ್ಲ್ರಿ."

"ಹೋಗಿಲ್ಲಂತ ಹೇಳಿ ಬರ್ರಿ" ಎಂದೆ.