ಸರಿದಾರಿಗೆ ಹಾಕಿದ ಸೊಪ್ಪು

ಕಳೆದ ವಾರ ಸುಳ್ಯದ ಅಂಗಡಿಯೊಂದರಲ್ಲಿ ದಾಲ್ಚಿನ್ನಿ ಎಲೆಯ ಕಟ್ಟು ಬಿಚ್ಚುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಪಂಚೆಗೆ ಒರೆಸಿಕೊಂಡಿತು. ನಲವತ್ತು ವರ್ಷದ ಹಿಂದೆಯೂ ಹೀಗೇ ಒರೆಸಿಕೊಂಡಿದ್ದೆ...

ನೆರೆಮನೆಯ ಹಿರಿಯರೊಬ್ಬರನ್ನು ನಾನು ಮಾವ ಎನ್ನುತ್ತಿದ್ದೆ. ಚಳಿಗಾಲದಲ್ಲಿ ಪೇಟೆಯವರನ್ನು ಮಲೆ ಹತ್ತಿಸಿ ಕೊಡಗಿನ ಬದಿಗೆ ಇಳಿಸುವುದು ಅವರ ಕೆಲಸ. ಅಕ್ಷರ ಬಾರದು, ಆದರೆ ಮಲೆಯ ಒಂದೊಂದು ಬಂಡೆಯೂ ಗೊತ್ತು. ನಾನು ಅವರಿಗಿಂತ ತುಸು ಮುಂದೆ ನಡೆದು ದಾರಿ ನೋಡುವವನು. ಆನೆಯ ಸುಳಿವು ಕಂಡರೆ ಕವಲಿನಲ್ಲಿ ಆ ದಾರಿಗೆ ಮರದಿಂದ ಹಸಿ ಸೊಪ್ಪಿನ ಗೆಲ್ಲು ಮುರಿದು ಅಡ್ಡ ಹಾಕಿ ಮೇಲೊಂದು ಕಲ್ಲು ಇಡಬೇಕು. ಆನೆ ಹತ್ತಿರ ಇರುವಾಗ ಕೂಗುವಂತಿಲ್ಲವಲ್ಲ. ಹಿಂದಿನವರು ಸೊಪ್ಪು ಕಂಡರೆ ಏನೂ ಕೇಳದೆ ಇನ್ನೊಂದು ದಾರಿ ಹಿಡಿಯಬೇಕು. ಸುಳ್ಳು ಸೊಪ್ಪು ಹಾಕಿದವನನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಆ ಸಲ ಪುತ್ತೂರಿನ ಎಂಟು ಮಂದಿ ಮೇಷ್ಟ್ರುಗಳು ಬಂದಿದ್ದರು. ಹೊರಡುವಾಗ ಒಬ್ಬರು ನನ್ನನ್ನು ತೋರಿಸಿ, "ಇವರಿಗೂ ದಾರಿ ಗೊತ್ತುಂಟಾ?" ಎಂದು ಕೇಳಿದರು.

"ಹೈಸ್ಕೂಲು ಓದಿದ್ದಾನೆ ಮಾರಾಯ್ರೆ. ಬೋರ್ಡು ಇದ್ರೆ ಓದಿ ಹೇಳ್ತಾನೆ. ಮಲೆಯಲ್ಲಿ ಬೋರ್ಡು ಎಲ್ಲುಂಟು?" ಎಂದರು ಮಾವ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಧ ಮಲೆ ಹತ್ತಿದರೂ ಆ ನಗು ನನ್ನ ಕಿವಿಯಿಂದ ಹೋಗಲಿಲ್ಲ.

ಹಿತವಾದ ದಿನ. ಮಂಜಿಲ್ಲ, ಗಾಳಿಯಿಲ್ಲ. ಕೈಯೂರಿದರೆ ಬಂಡೆ ಬೆಚ್ಚಗಿತ್ತು. ದಾರಿ ತಪ್ಪಲು ಯಾವ ನೆಪವೂ ಇಲ್ಲದ ದಿನ. ತುದಿಯ ಕೆಳಗಿನ ಕವಲಿನಲ್ಲಿ ದಾಲ್ಚಿನ್ನಿಯ ಗೆಲ್ಲೊಂದನ್ನು ಮುರಿದು ಸರಿದಾರಿಗೇ ಅಡ್ಡ ಹಾಕಿ ಮೇಲೆ ಕಲ್ಲು ಇಟ್ಟೆ. ಆನೆ ಇರಲಿಲ್ಲ. ಮರೆಯಲ್ಲಿ ಕುಳಿತು ನೋಡಿದೆ. ಮುಂದಾಗಿ ಬಂದ ಮಾವ ಸೊಪ್ಪು ಕಂಡು, ತುಟಿಯ ಮೇಲೆ ಬೆರಳಿಟ್ಟು, ಎಲ್ಲರನ್ನೂ ಎಡಕ್ಕೆ ತಿರುಗಿಸಿದರು. ಅವರು ಕಣ್ಮರೆಯಾದ ಮೇಲೆ ಕಲ್ಲು ಸರಿಸಿ, ಗೆಲ್ಲನ್ನು ಕಮರಿಗೆ ಎಸೆದು ಕೈ ಒರೆಸಿಕೊಂಡೆ.

ಎಡದ ದಾರಿ ಬರೀ ಬಂಡೆ. ಕೈಕಾಲು ಊರಿ ತೆವಳಿ, ಮೊಣಕಾಲು ಕೆರೆದುಕೊಂಡು ಅವರು ತುದಿ ಮುಟ್ಟುವಾಗ ಹೊತ್ತು ಇಳಿದಿತ್ತು. ನಾನು ಎಷ್ಟೋ ಮೊದಲೇ ಅಲ್ಲಿದ್ದೆ.

"ಆನೆ ಎಷ್ಟಿತ್ತು ಮಾರಾಯ?" ಏದುಸಿರಿನಲ್ಲೇ ಕೇಳಿದರು ಮಾವ.

"ಯಾವ ಆನೆ?"

"ಮತ್ತೆ ನೀನು ಸೊಪ್ಪು ಹಾಕಿದ್ದು ಎಂತಕ್ಕೆ?"

"ನಾನು ಎಂತ ಸೊಪ್ಪೂ ಹಾಕ್ಲಿಲ್ಲ ಮಾವ."

ಅವರು ಮೇಷ್ಟ್ರುಗಳ ಮುಖ ನೋಡಿದರು. "ಕಾಡು ತುಂಬ ಸೊಪ್ಪೇ, ನಾವು ಯಾವುದನ್ನು ನೋಡುದು?" ಎಂದರು ಒಬ್ಬರು. ಇನ್ನೊಬ್ಬರು ಮೆಲ್ಲಗೆ, "ಪ್ರಾಯ ಆಯ್ತಲ್ಲ" ಎಂದರು. ಮಾವನಿಗೆ ಕೇಳಿಸಿತು.

ಆಗಲಾದರೂ ಹೇಳಬಹುದಿತ್ತು...

"ಇಳಿಯುವಾಗ ನೀನೇ ಕರಕೊಂಡು ಹೋಗು. ನಾನು ಹಿಂದಿನಿಂದ ಬರ್ತೇನೆ" ಎಂದರು ಮಾವ. ಮತ್ತೆಂದೂ ಅವರು ಮಲೆ ಹತ್ತಲಿಲ್ಲ. ಮುಂದಿನ ಎಲ್ಲ ಚಳಿಗಾಲಗಳಲ್ಲೂ ಆ ಕೆಲಸ ನನ್ನದಾಯಿತು. ಅವರಿಗೆ ತಮ್ಮ ಕಣ್ಣಿನ ಮೇಲೆಯೇ ನಂಬಿಕೆ ಹೋಯಿತು. ಅರಂತೋಡಿನಲ್ಲಿ ಬಸ್ಸಿಗೆ ನಿಂತರೆ, "ಸುಳ್ಯಕ್ಕೆ ಹೋಗುದು ಈ ಬದಿಯೇ ಅಲ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ಹೌದು ಮಾವ, ಎನ್ನುತ್ತಿದ್ದೆ. ಅದನ್ನು ದಯೆಯಿಂದಲೇ ಹೇಳುತ್ತಿದ್ದೆ, ಪಾಪಿ ನಾನು.

ಮಾವ ತೀರಿಕೊಂಡು ಬಹಳ ವರ್ಷವಾಯಿತು. ಈಗ ನನಗೆ ಅವರ ಅಂದಿನ ಪ್ರಾಯವೂ ದಾಟಿದೆ. ನಿನ್ನೆ, ಎಲ್ಲವನ್ನೂ ಹೇಳಿಬಿಡೋಣ ಎಂದು ಜಾಲ್ಸೂರಿನಲ್ಲಿರುವ ಅವರ ಮಗಳ ಮನೆಗೆ ಹೋದೆ. ಆಕೆ ಚಹಾ ತಂದಿಟ್ಟು ಎದುರು ಕುಳಿತಳು.

"ಅಪ್ಪನಿಗೆ ಮರೆವು ಶುರುವಾದ್ದು ನಮಗೆ ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡಿ. ಮೊದಲು ಗೊತ್ತಾದ್ದು ನಿಮಗೇ ಅಲ್ವಾ ಅಣ್ಣ?"

ಹೇಳಲೆಂದೇ ಬಾಯಿ ತೆರೆದೆ.

"ಹೌದು" ಎಂದೆ.